ಗಿಣಿ 41 ಗ್ರಾಂ, ಅವರೆಕಾಳು 6 ಗ್ರಾಂ: ಒಂದು ಅಚ್ಚಿನ ಮಣೆಯ ರಿಪೇರಿ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮೂರನೇ ರಾತ್ರಿ ಮಗಳು ಕೆನ್ನೆ ಹಿಡಿದುಕೊಂಡು ಎದ್ದು ಕೂತಳು. ಬೆಳಿಗ್ಗೆ ಹಲ್ಲಿನ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. ಎರಡು ದವಡೆ ಹಲ್ಲು ಹುಳುಕಾಗಿದ್ದವು. ನಾನು ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. "ಎಷ್ಟು ತಿಂದ್ಲು ಅನ್ನೋದು ಆಮೇಲೆ. ದಿನಕ್ಕೆ ಎಷ್ಟು ಸಲ ತಿಂದ್ಲು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವಳ ಫ್ರಾಕಿನ ಜೇಬಲ್ಲಿ ಯಾವಾಗಲೂ ಒಂದು ಸಕ್ಕರೆ ಅಚ್ಚು ಇರುತ್ತಿತ್ತು. ನೆಕ್ಕುವುದು, ಮತ್ತೆ ಜೇಬಿಗೆ ಹಾಕುವುದು. ಬಸವನ ಕೊಂಬು ಹೋಯಿತು, ಆಮೇಲೆ ತಲೆ, ಆಮೇಲೆ ಡುಬ್ಬ.

ಸಕ್ಕರೆ ಬಾಯಿಗೆ ಬಿದ್ದಾಗಲೆಲ್ಲ ಬಾಯಲ್ಲಿರುವ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಎಂಜಲು ಅದನ್ನು ತೊಳೆದು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಹತ್ತು ನಿಮಿಷಕ್ಕೊಮ್ಮೆ ನೆಕ್ಕುತ್ತಿದ್ದರೆ ಹಲ್ಲಿಗೆ ಬಿಡುವೇ ಇಲ್ಲ. ಇಷ್ಟು ತಿಳಿದುಕೊಂಡು ಮನೆಗೆ ಬಂದು ಉಳಿದಿದ್ದ ಅಚ್ಚುಗಳನ್ನೆಲ್ಲ ತಕ್ಕಡಿಗೆ ಹಾಕಿದೆ. ಎಳ್ಳು ಬೀರಲು ಹೋದಾಗ ಮನೆಮನೆಯಿಂದ ಬಂದಿದ್ದವು, 31 ಇದ್ದವು. ಒಟ್ಟು 620 ಗ್ರಾಂ. ತಿಂದು ಮುಗಿಸಿದ್ದು ಈ ಲೆಕ್ಕಕ್ಕೆ ಬಂದಿಲ್ಲ.

ನಾವಿರುವುದು ಮಂಡ್ಯದಲ್ಲಿ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದ ಊರು. ಕನ್ನಂಬಾಡಿ ಕಟ್ಟೆ ನೀರು, ಕಬ್ಬಿನ ಗದ್ದೆ, ಆಲೆಮನೆ ನೋಡಿಕೊಂಡು ಬೆಳೆದವರ ಮುಂದೆ ಸಕ್ಕರೆ ಕಡಿಮೆ ಮಾಡಿ ಅನ್ನುವುದು ಸ್ವಲ್ಪ ಕಷ್ಟ. ಅತ್ತೆ ಮುಂದೆ ಹೇಳಿದಾಗ ಬಂದ ಉತ್ತರ: "ಹಬ್ಬದಲ್ಲೂ ಗ್ರಾಮು ಲೆಕ್ಕ ಆಕ್ಬೇಕಾ? ಅಚ್ಚಿಲ್ದೆ ಎಳ್ಳು ಬೀರಿದ್ರೆ ಜನ ಏನಂದಾರು?"

ಅವರ ಮಾತಲ್ಲಿ ತಪ್ಪಿಲ್ಲ. ನನಗೂ ಅಚ್ಚಿಲ್ಲದ ಸಂಕ್ರಾಂತಿ ಬೇಡ. ಅಚ್ಚು ಇರಲಿ, ಸಣ್ಣದಾಗಲಿ ಅಂತ ಆಗ ಹೊಳೆಯಿತು. ಆದರೆ ಸಣ್ಣ ಅಚ್ಚಿನ ಮಣೆ ಎಲ್ಲಿದೆ? ಪೇಟೆ ಬೀದಿಯಲ್ಲಿ ಕೇಳಿದೆ, ನನಗೆ ಬೇಕಾದ ಅಳತೆಯದು ಸಿಗಲಿಲ್ಲ. ಅಪ್ಪ ಮರಗೆಲಸದವರು. ನನ್ನ ಮದುವೆಯಲ್ಲಿ ಪಾತ್ರೆಗಳ ಜೊತೆ ಒಂದು ಉಳಿ ಪೆಟ್ಟಿಗೆಯನ್ನೂ ಕಳಿಸಿದ್ದರು. ಅದು ಹನ್ನೊಂದು ವರ್ಷದಿಂದ ಮಂಚದ ಕೆಳಗಿತ್ತು.

ನವೆಂಬರ್ ಕೊನೆಯ ಭಾನುವಾರ

ಮೊದಲು ಅಟ್ಟದಿಂದ ಅತ್ತೆಯ ಹಳೇ ಮಣೆಗಳನ್ನು ಇಳಿಸಿದೆ. ಐದು ಜೋಡಿ: ಗಿಣಿ, ಬಸವ, ಕಳಶ, ಗೋಪುರ, ತುಳಸಿ ಕಟ್ಟೆ. ಎಲ್ಲವೂ ತೇಗ. ನೋಡದವರಿಗಾಗಿ ಹೇಳುತ್ತೇನೆ: ಒಂದು ಮಣೆ ಅಂದರೆ ಎರಡು ಹೋಳು. ಎರಡರಲ್ಲೂ ಅರ್ಧರ್ಧ ಗಿಣಿ ಕೆತ್ತಿರುತ್ತದೆ. ಕೂಡಿಸಿ ಕಟ್ಟಿ, ತಳದಲ್ಲಿರುವ ತೂತಿನಿಂದ ಬಿಸಿ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಚ್ಚಿದರೆ ಪೂರ್ತಿ ಗಿಣಿ. ಹೋಳುಗಳು ಅತ್ತಿತ್ತ ಜರುಗದ ಹಾಗೆ ಒಂದರಲ್ಲಿ ಎರಡು ಗೂಟ, ಇನ್ನೊಂದರಲ್ಲಿ ಅದಕ್ಕೆ ತೂತು.

ಬಸವ, ಕಳಶ, ಗೋಪುರ ಚೆನ್ನಾಗಿದ್ದವು. ತುಳಸಿ ಕಟ್ಟೆಯ ಒಂದು ಹೋಳಿಗೆ ಗೆದ್ದಲು ಹತ್ತಿತ್ತು, ಅದನ್ನು ಒಲೆಗೆ ಹಾಕಲು ಅತ್ತೆ ಬಿಡಲಿಲ್ಲ, ಮತ್ತೆ ಅಟ್ಟಕ್ಕೆ ಹೋಯಿತು. ಗಿಣಿಗೆ ಎರಡೂ ಗೂಟ ಇಲ್ಲ. ಜೊತೆಗೆ ಒಂದು ಹೋಳಿನಲ್ಲಿ ಕೊಕ್ಕಿನಿಂದ ಬಾಲದವರೆಗೆ ಎಳೆಯುದ್ದಕ್ಕೂ ಬಿರುಕು. ಬೆರಳಿನ ಉಗುರು ಹೋಗುವಷ್ಟು ಅಗಲ.

ಇಲ್ಲೇ ನನ್ನ ಮೊದಲ ದಡ್ಡತನ. ಮರದ ಪುಡಿಗೆ ಅಂಟು ಕಲಸಿ ಬಿರುಕಿಗೆ ತುಂಬಿದೆ. ಒಣಗಿಸಿ ಉಪ್ಪು ಕಾಗದದಲ್ಲಿ ಉಜ್ಜಿದೆ. ನೋಡಲು ಬಲೇ ಚೆನ್ನಾಗಿತ್ತು. ಫೋಟೋ ತೆಗೆದು ಟಿ. ನರಸೀಪುರದಲ್ಲಿರುವ ಅಪ್ಪನಿಗೆ ಕಳಿಸಿದೆ, ಹೊಗಳುತ್ತಾರೆ ಅಂತ.

ಫೋನ್ ಬಂತು. "ಅದ್ನ ನೀರಲ್ಲಿ ನೆನೆಹಾಕ್ತೀಯೋ ಇಲ್ವೋ?"

"ಹಾಕ್ತೀನಪ್ಪ. ಇಲ್ದಿದ್ರೆ ಪಾಕ ಅಂಟ್ಕೊಳುತ್ತಲ್ಲ."

"ಮತ್ತೆ ಒಣಗಿದ ಮರದ ಬಿರುಕು ಯಾಕವ್ವ ತುಂಬ್ದೆ? ನೆನೆದ್ರೆ ಮರ ಊದ್ಕೊಳುತ್ತೆ. ಬಿರುಕು ತಾನಾಗೇ ಮುಚ್ಕೊಳೋದು. ಈಗ ನೀನು ತುಂಬಿರೋದೇ ಬೆಣೆ ಆಯ್ತದೆ ನೋಡು."

ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಹಾಗೇ ಆಗಿತ್ತು. ಊದಿದ ಮರ ತುಂಬಿದ ಅಂಟನ್ನು ಒತ್ತಿ, ಬಿರುಕು ಇನ್ನೂ ಅರ್ಧ ಇಂಚು ಮುಂದಕ್ಕೆ ಓಡಿತ್ತು. ಅಂಟು ಬೇರೆ ಬಿಳಿ ಬಿಳಿಯಾಗಿ ಎದ್ದು ಬಂದಿತ್ತು. ತಿನ್ನುವ ಪದಾರ್ಥ ತಾಗುವ ಜಾಗಕ್ಕೆ, ಅದೂ ಕುದಿಯುವ ಪಾಕ ಬೀಳುವ ಜಾಗಕ್ಕೆ ಅಂಟು ಹಾಕಬಾರದು ಅನ್ನುವುದಾದರೂ ನನಗೆ ಹೊಳೆಯಬೇಕಿತ್ತು. ಸೂಜಿ, ಹಳೇ ಬ್ಲೇಡು ಹಿಡಿದು ಅಷ್ಟನ್ನೂ ಕೆರೆದು ತೆಗೆಯಲು ಎರಡು ಸಂಜೆ ಬೇಕಾಯಿತು.

ಡಿಸೆಂಬರ್ ಮೊದಲ ವಾರ

ಗಿಣಿಯ ಸರಿಯಾದ ರಿಪೇರಿ ತುಂಬ ಸರಳ. ಹಿಂಭಾಗದಲ್ಲಿ, ಪಾಕ ತಾಗದ ಕಡೆ, ಬಿರುಕಿಗೆ ಅಡ್ಡವಾಗಿ ಎರಡು ಸಣ್ಣ ಕಾಲುವೆ ಕೊರೆದೆ. ಅದರಲ್ಲಿ ತಾಮ್ರದ ತಂತಿ ಕೂರಿಸಿ, ಮಣೆಯ ಸುತ್ತ ಬಿಗಿದು ತಿರುಚಿದೆ. ಆಮೇಲೆ ಎಂಟು ಗಂಟೆ ನೀರು. ಬಿರುಕು ಎಲ್ಲಿತ್ತು ಅಂತ ಹುಡುಕಬೇಕಾಯಿತು.

ಗೂಟಕ್ಕೆ ಬಿದಿರು. ಗೋಬಿ ಗಾಡಿಯವರು ಕೊಡುವ ಕಡ್ಡಿ ತೆಳು, ಅದು ಆಗಲಿಲ್ಲ. ಮಲ್ಲಿಗೆ ಬಳ್ಳಿಗೆ ಆಸರೆ ಕೊಟ್ಟಿದ್ದ ಬಿದಿರನ್ನು ಸೀಳಿ, 6 ಮಿ.ಮೀ. ದಪ್ಪಕ್ಕೆ ಹೆರೆದೆ. ತುದಿ ಸ್ವಲ್ಪ ಚೂಪಾಗಿರಬೇಕು, ಇಲ್ಲದಿದ್ದರೆ ನೆನೆದ ಮೇಲೆ ಹೋಳು ಬಿಡಿಸಲು ಬರುವುದಿಲ್ಲ. ಇದನ್ನೂ ಒಂದು ಸಲ ತಪ್ಪು ಮಾಡಿಯೇ ಕಲಿತೆ.

ಹೋಳು ಕಟ್ಟಲು ಅತ್ತೆ ಬಾಳೆನಾರು ಬಳಸುತ್ತಿದ್ದರಂತೆ. ಈಗ ಎಲ್ಲರೂ ರಬ್ಬರ್ ಬ್ಯಾಂಡ್. ಅದು ಬಿಸಿಗೆ ಸಡಿಲವಾಗುತ್ತದೆ. ನಾನು ಹಳೇ ಸೈಕಲ್ ಟ್ಯೂಬನ್ನು ಒಂದು ಇಂಚು ಅಗಲಕ್ಕೆ ಬಳೆಯ ಹಾಗೆ ಕತ್ತರಿಸಿದೆ. ಚೆನ್ನಾಗಿ ತಿಕ್ಕಿ ತೊಳೆದು ಮಣೆಯ ಹೊರಗಡೆ ಮಾತ್ರ ಹಾಕಿದೆ. ಪಂಕ್ಚರ್ ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ.

ಗಿಣಿ ಎಷ್ಟು ಸಕ್ಕರೆ ಕುಡಿಯುತ್ತದೆ ಅಂತ ತಿಳಿಯಬೇಕಿತ್ತು. ನೀರು ತುಂಬಿಸಿದರೆ ಸಂದಿಯಲ್ಲಿ ಸೋರುತ್ತದೆ. ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿ ಎರಡೂ ಹೋಳಿಗೆ ಒತ್ತಿ ತುಂಬಿ ತೂಗಿದೆ: 34 ಗ್ರಾಂ. ಪಾಕ ಹೊಯ್ದು ಮಾಡಿದ ಗಿಣಿ: 41 ಗ್ರಾಂ. ಅಂದರೆ ಹಿಟ್ಟಿನ ತೂಕದ ಒಂದೂಕಾಲು ಪಟ್ಟಿಗೆ ಸ್ವಲ್ಪ ಕಡಿಮೆ. ಈ ಒಂದು ಲೆಕ್ಕ ಸಿಕ್ಕಿದ್ದರಿಂದ ಹೊಸ ಮಣೆ ಕೆತ್ತುವಾಗ ಪ್ರತಿ ಸಲ ಪಾಕ ಕಾಯಿಸುವ ಕೆಲಸ ತಪ್ಪಿತು.

41 ಗ್ರಾಂ ಅಂದರೆ ಏನು? ಸಕ್ಕರೆ, ಬೆಲ್ಲ, ಜೇನು, ಜ್ಯೂಸ್ ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು, ಇಪ್ಪತ್ತನೇ ಒಂದಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ ಬೇಕು. ಅದರ ಹತ್ತನೇ ಒಂದು 170. ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ. ಭಾಗಿಸಿದರೆ 42 ಗ್ರಾಂ. ಒಂದು ಗಿಣಿ ತಿಂದರೆ ಮಗಳ ದಿನದ ಕೋಟಾ ಮುಗಿಯಿತು. ಹಾಲಿಗೆ ಹಾಕುವ ಸಕ್ಕರೆ, ಪೊಂಗಲ್ಲು, ಎಳ್ಳು ಬೆಲ್ಲ ಇನ್ನೂ ಬಾಕಿ ಇರುತ್ತವೆ. ಮಗನಿಗೆ ಐದು ವರ್ಷ. ಅವನಿಗೆ ಗಿಣಿಯ ಬಾಲವನ್ನು ಮುರಿದೇ ಕೊಡಬೇಕು.

ಬೆಲ್ಲ ಆದರೆ ಪರವಾಗಿಲ್ಲ ಅಲ್ವಾ ಅಂತ ನಮ್ಮ ಯಜಮಾನರು ಕೇಳಿದರು. ಮಂಡ್ಯದವರೆಲ್ಲ ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ ಇದು. ಬೆಲ್ಲದಲ್ಲೂ ಬಹುಪಾಲು ಅದೇ ಸಕ್ಕರೆಯೇ. ಆದರೂ ಬೆಲ್ಲದ ಪಾಕವನ್ನು ಗಿಣಿಗೆ ಹೊಯ್ದು ನೋಡಿದೆವು. ಗಟ್ಟಿಯಾಗದೆ, ಬಿಚ್ಚಿದಾಗ ಕತ್ತು ಬಗ್ಗಿಸಿ ಮಲಗಿತು. ಮಗ ಅದಕ್ಕೆ ಜ್ವರ ಬಂದಿದೆ ಅಂದ.

ಡಿಸೆಂಬರ್ ಎರಡನೇ ಭಾನುವಾರ: ಮರ

ಹೊಸ ಮಣೆಗೆ ಹಾಲೆ ಮರ ತೀರ್ಮಾನ ಮಾಡಿದೆ. ಚನ್ನಪಟ್ಟಣದ ಬೊಂಬೆ ಮಾಡುವುದು ಅದರಲ್ಲೇ. ಬೆಳ್ಳಗಿರುತ್ತದೆ, ಎಳೆ ಸಣ್ಣ, ವಾಸನೆ ಇಲ್ಲ, ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಹೊಸ ತೇಗ ಬೇಡ ಅಂದಿದ್ದು ಅಪ್ಪ. ಅದರ ಎಣ್ಣೆ, ಬಣ್ಣ ಮೊದಮೊದಲು ಸಕ್ಕರೆಗೆ ಹತ್ತುತ್ತದೆ. ಅತ್ತೆಯ ಮಣೆಗಳು ನಲವತ್ತು ಸಂಕ್ರಾಂತಿ ನೀರು ಕುಡಿದಿವೆ, ಅವುಗಳ ಮಾತು ಬೇರೆ.

ಯಜಮಾನರು ಚನ್ನಪಟ್ಟಣದಲ್ಲಿ ರೈಲು ಇಳಿದು ತುಂಡು ತಂದರು. ಒಣಗಿದ್ದು ಬೇಕು ಅಂತ ಮೂರು ಸಲ ಹೇಳಿ ಕಳಿಸಿದ್ದೆ. ಎರಡು ಹೋಳು, ಒಂದೊಂದೂ 150 ಮಿ.ಮೀ. ಉದ್ದ, 60 ಅಗಲ, 25 ದಪ್ಪ. ಕೀಸುಳಿ ಹಾಕಿ ಮುಖ ಸಪಾಟು ಮಾಡಿದೆ. ಸಪಾಟಾಗಿದೆಯೋ ಇಲ್ಲವೋ ನೋಡಲು ಒಂದು ಮುಖಕ್ಕೆ ಸೀಮೆಸುಣ್ಣದ ಪುಡಿ ಸವರಿ ಇನ್ನೊಂದನ್ನು ಒತ್ತಬೇಕು. ಬಿಳಿ ಹತ್ತಿದ ಜಾಗ ಉಬ್ಬಿದೆ ಅಂತ ಅರ್ಥ. ಆದರೆ ಬೆಳ್ಳಗಿನ ಮರದ ಮೇಲೆ ಬಿಳಿ ಸುಣ್ಣ ಕಾಣುವುದಿಲ್ಲ. ಅರಿಸಿನ ಸವರಿದೆ. ಕಂಡಿತು. ಹೋಗಲಿಲ್ಲ. ಆ ಮಣೆ ಇವತ್ತಿಗೂ ಮದುವೆಗೆ ಕೂತ ಹಾಗೆ ಹಳದಿಯಾಗಿದೆ.

ಯಾವ ಆಕಾರ ಬೇಕು ಅಂತ ಮಕ್ಕಳನ್ನೇ ಕೇಳಿದೆ. ಇದು ಮುಖ್ಯ ಅಂತ ನನ್ನ ಎಣಿಕೆ. ಅಮ್ಮ ಸಣ್ಣ ಅಚ್ಚು ಕೊಟ್ಟಳು ಅಂತಾಗಬಾರದು, ನಮ್ಮ ಅಚ್ಚು ಅಂತಾಗಬೇಕು. ಮಗಳು ನವಿಲು ಅಂದಳು. ಮಗ ಟ್ರಾಕ್ಟರ್ ಅಂದ. ಅತ್ತೆ ಕೇಳದೇ ಇದ್ದರೂ ಅವರೆಕಾಳು ಅಂದರು. ಅವರ ಕೈಯಲ್ಲಿ ಅವಾಗ ಒಂದು ಮೊರ ಅವರೆ ಇತ್ತು.

ಡಿಸೆಂಬರ್ ಮೂರನೇ ವಾರ: ಕೆತ್ತನೆ

ನವಿಲು ಎರಡು ದಿನ ತಿಂದು ಸೋತಿತು. 30 ಮಿ.ಮೀ. ನವಿಲಿಗೆ ಕತ್ತು 4 ಮಿ.ಮೀ. ದಪ್ಪ. ಹಿಟ್ಟು ಒತ್ತಿ ತೆಗೆದಾಗಲೆಲ್ಲ ಕತ್ತು ಮಣೆಯಲ್ಲೇ ಉಳಿಯಿತು. ಹಿಟ್ಟೇ ಬರದಿದ್ದರೆ ಸಕ್ಕರೆ ಬರುತ್ತದೆಯೇ? ಅಚ್ಚಿನ ಗುಂಡಿಯ ಗೋಡೆ ಎಲ್ಲೂ ಒಳಕ್ಕೆ ತಿರುಗಬಾರದು. ಬಾಯಿ ಅಗಲ, ತಳ ಕಿರಿದು ಇರಬೇಕು. ಅವರೆಕಾಳಿಗೆ ಅದು ಹುಟ್ಟಾ ಬಂದಿದೆ. ಅತ್ತೆ ಗೆದ್ದರು.

ಅಳತೆ ಹೀಗೆ: ಉದ್ದ 30 ಮಿ.ಮೀ., ಅಗಲ 20, ಪ್ರತಿ ಹೋಳಿನಲ್ಲಿ ಆಳ ಆರೂವರೆ. ನಿಜವಾದ ಅವರೆಕಾಳಿಗಿಂತ ದೊಡ್ಡದೇ, ಆದರೆ ಮೂತಿ ಸರಿಯಾಗಿದೆ. ಕಾಗದದಲ್ಲಿ ಬರೆದು, ಕಾರ್ಬನ್ ಇಟ್ಟು ಎರಡೂ ಹೋಳಿಗೆ ಒತ್ತಿದೆ. ಎರಡನೆಯದಕ್ಕೆ ಕಾಗದ ಮಗುಚಬೇಕು, ಇಲ್ಲದಿದ್ದರೆ ಕಾಳಿನ ಮೂತಿ ಒಂದು ಕಡೆ, ಬಾಲ ಒಂದು ಕಡೆ. ದುಂಡು ಬಾಯಿಯ ಉಳಿಯಲ್ಲಿ ಅಂಚಿನಿಂದ ನಡುವಿಗೆ ತೋಡುತ್ತಾ ಬಂದೆ. ಕೊಡತಿ ಬೇಕಾಗಲೇ ಇಲ್ಲ, ಅಂಗೈಯ ಒತ್ತಡ ಸಾಕು. ಆಗಾಗ ಹಿಟ್ಟು ಒತ್ತುವುದು, ತೂಗುವುದು. 5 ಗ್ರಾಂ ಹಿಟ್ಟು ಬಂದ ಕೂಡಲೇ ನಿಲ್ಲಿಸಿದೆ. ಅಂದರೆ 6 ಗ್ರಾಂ ಸಕ್ಕರೆ, ಒಂದೂವರೆ ಟೀ ಚಮಚದಷ್ಟು.

ಒಂದು ಮಣೆಯಲ್ಲಿ ನಾಲ್ಕು ಕಾಳು. ಟ್ರಾಕ್ಟರಿಗೆ ಬೇರೆ ತುಂಡು. ಅದಕ್ಕೆ ಒಂದೇ ಕಡೆ ಕೆತ್ತನೆ, ಇನ್ನೊಂದು ಹೋಳು ಬರೀ ಸಪಾಟು ಹಲಗೆ. ಚಕ್ರದ ಗೆರೆಗಳನ್ನು ಮಗ ತಾನೇ ಪೆನ್ಸಿಲಿನಲ್ಲಿ ಬರೆದುಕೊಟ್ಟ. ಹಿಂದಿನ ಚಕ್ರ ದೊಡ್ಡದು, ಮುಂದಿನದು ಸಣ್ಣದು, ಡ್ರೈವರ್ ಇಲ್ಲ. 9 ಗ್ರಾಂ.

ಮೆರುಗು, ವಾರ್ನಿಷ್, ಎಣ್ಣೆ ಏನೂ ಹಚ್ಚಲಿಲ್ಲ. ಸಣ್ಣ ಉಪ್ಪು ಕಾಗದ, ಆಮೇಲೆ ಬಿಸಿ ನೀರಲ್ಲಿ ಎರಡು ಸಲ ಕುದಿಸಿ ಚೆಲ್ಲಿದ್ದು, ಅಷ್ಟೇ.

ಜನವರಿ ಮೊದಲ ಭಾನುವಾರ: ಪಾಕ

ಸಕ್ಕರೆ ಒಂದು ಕೆ.ಜಿ., ಎರಡು ಲೋಟ ನೀರು, ಅರ್ಧ ಲೋಟ ಹಾಲು. ಕುದಿ ಬಂದ ಮೇಲೆ ಹಾಲು ಹಾಕಿದರೆ ಅದು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ತೆಗೆದು ಹಾಕಿ, ಹಳೇ ಪಂಚೆಯ ತುಂಡಿನಲ್ಲಿ ಸೋಸಬೇಕು. ಹಾಲು ಎರಡು ಮೂರು ಕಂತಿನಲ್ಲಿ ಹಾಕಬೇಕು. ಆಲೆಮನೆಯಲ್ಲಿ ಇದೇ ಕೆಲಸಕ್ಕೆ ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಸೋಸಿದ ಪಾಕ ತಿಳಿಯಾಗಿ, ಜೇನಿನ ಬಣ್ಣವೂ ಇಲ್ಲದೆ ಇರಬೇಕು. ಅದು ಸರಿಯಾಗದಿದ್ದರೆ ಅಚ್ಚು ಬೆಳ್ಳಗೆ ಬರುವುದಿಲ್ಲ.

ಮಕ್ಕಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ, ಆ ಕಡೆಯಿಂದ ನೋಡಬಹುದು. ಬಿಸಿ ನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ.

ಸೋಸಿದ ಪಾಕದಿಂದ ಒಂದೊಂದೇ ಲೋಟ ಸಣ್ಣ ಹಿಡಿ ಬಾಣಲೆಗೆ ಹಾಕಿ ಮತ್ತೆ ಕಾಯಿಸಬೇಕು. ಸೌಟಿನ ಬೆನ್ನಲ್ಲಿ ಬಾಣಲೆಯ ಗೋಡೆಗೆ ಉಜ್ಜುತ್ತಿದ್ದರೆ ಒಂದು ಹಂತದಲ್ಲಿ ಅಂಚು ಬೆಳ್ಳಗಾಗುತ್ತದೆ. ಸಕ್ಕರೆ ಮತ್ತೆ ಹರಳು ಕಟ್ಟಲು ಶುರುವಾಯಿತು ಅಂತ ಅರ್ಥ. ಅತ್ತೆ ಇದನ್ನು ಕಣ್ಣಲ್ಲೇ ಹಿಡಿಯುತ್ತಾರೆ. ನಾನು ಥರ್ಮಾಮೀಟರ್ ಇಟ್ಟಿದ್ದೆ, 116 ಡಿಗ್ರಿ ಸೆಲ್ಸಿಯಸ್‌ನಿಂದ 118ರ ಒಳಗೆ ನನಗೆ ಹೊಂದಿತು. ಅತ್ತೆ ಥರ್ಮಾಮೀಟರ್ ಕಡೆ ನೋಡಿ, "ಪಾಕುಕ್ಕೂ ಜ್ವರ ನೋಡ್ತಾಳೆ" ಅಂದರು.

ಮೊದಲ ಸುತ್ತು ಪೂರ್ತಿ ಸೋಲು. ನಾಲ್ಕು ಕಾಳಿಗೂ ಸೇರಿ ಒಂದೇ ಕಾಲುವೆ ಕೊರೆದಿದ್ದೆ, ಒಂದು ಕಡೆ ಹೊಯ್ದರೆ ನಾಲ್ಕಕ್ಕೂ ಹರಿಯುತ್ತದೆ ಅಂತ. ಕಾಲುವೆ ನೀರಿನ ಲೆಕ್ಕ ಪಾಕಕ್ಕೆ ನಡೆಯಲಿಲ್ಲ. ಮೊದಲ ಕಾಳು ತುಂಬುವಷ್ಟರಲ್ಲಿ ಕಾಲುವೆಯಲ್ಲೇ ಸಕ್ಕರೆ ಗಟ್ಟಿಯಾಯಿತು. ಗಿಣಿಯಂಥ ದೊಡ್ಡ ಅಚ್ಚಿನಲ್ಲಿ ಪಾಕದ ಬಿಸಿಯೇ ಜಾಸ್ತಿ, ನಿಧಾನಕ್ಕೆ ಆರುತ್ತದೆ. ಸಣ್ಣದರಲ್ಲಿ ಒದ್ದೆ ಮರ ಬಿಸಿಯನ್ನೆಲ್ಲ ಕ್ಷಣದಲ್ಲಿ ಹೀರಿಬಿಡುತ್ತದೆ. ಚಿಕ್ಕ ಅಚ್ಚು ಸುಲಭ ಅಂದುಕೊಂಡಿದ್ದೆ, ಅದೇ ಕಷ್ಟ.

ಆ ದಿನವೇ ಮಣೆ ಬಿಚ್ಚಿ ಕಾಲುವೆಗೆ ಹಾಲೆಯ ಚೂರು ಬಿಗಿಯಾಗಿ ಕೂರಿಸಿ ಮುಚ್ಚಿದೆ. ಅಂಟಿಲ್ಲದೆ, ಬರೀ ಊದುವಿಕೆಯ ಮೇಲೆ ಭರವಸೆ ಇಟ್ಟು. ಪ್ರತಿ ಕಾಳಿಗೂ ಅದರದೇ ಬಾಯಿ, 8 ಮಿ.ಮೀ. ಅಗಲ, ಮೇಲೆ ಕೊಳವೆಯ ಹಾಗೆ ಅಗಲಿಸಿದ್ದು. ಮಣೆಯನ್ನು ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿ, ಹೊಯ್ಯುವ ಮುಂಚೆ ಐದು ನಿಮಿಷ ಬಿಸಿ ನೀರಲ್ಲಿ ಇಟ್ಟು, ಕೊಡವಿ, ಬಟ್ಟೆಯಲ್ಲಿ ಒತ್ತಿದೆ. ಪಾಕವನ್ನೂ ಒಂದು ಹೆಜ್ಜೆ ಮುಂಚೆ, ಅಂಚು ಮಾತ್ರ ಬೆಳ್ಳಗಾದಾಗ ತೆಗೆದೆ. ನಾಲ್ಕಕ್ಕೆ ನಾಲ್ಕು. ಏಳು ನಿಮಿಷಕ್ಕೆ ಬಿಚ್ಚಿದೆ. ಅವರೆಕಾಳಿನ ಮೂತಿಯ ಗೆರೆ ಕೂಡ ಮೂಡಿತ್ತು. ಗೆರೆಯ ಆ ಕಡೆಯಿಂದ ಚಪ್ಪಾಳೆ ಬಂತು.

ಜನವರಿ 10: ಪೊಳ್ಳು ಗಿಣಿ

ಇದು ಪ್ಲಾನಿನಲ್ಲಿ ಇರಲಿಲ್ಲ. ಗಿಣಿಗೆ ಅಷ್ಟು ರಿಪೇರಿ ಮಾಡಿದ ಮೇಲೆ ಬಳಸದೆ ಇಡಲು ಮನಸ್ಸು ಬರಲಿಲ್ಲ. ಆಗ ನೆನಪಾಯಿತು, ಮೆಕ್ಸಿಕೋದಲ್ಲಿ ಹಿರಿಯರ ಹಬ್ಬಕ್ಕೆ ಸಕ್ಕರೆಯ ಬುರುಡೆ ಮಾಡುತ್ತಾರೆ. ನೆನೆಸಿದ ಮಣ್ಣಿನ ಅಚ್ಚಿಗೆ ಪಾಕ ಹೊಯ್ದು, ಗೋಡೆಗೆ ಅಂಟಿದ್ದು ಗಟ್ಟಿಯಾದ ಮೇಲೆ ನಡುವಿನ ಪಾಕ ಮಗುಚಿ ಚೆಲ್ಲಿಬಿಡುತ್ತಾರೆ. ಒಳಗೆ ಪೊಳ್ಳು. ನಮ್ಮ ಗಿಣಿಗೂ ಮಾಡಿದರೆ?

ಮೊದಲನೆಯದು ಬೇಗ ಮಗುಚಿದೆ, ಗಿಣಿಯೇ ಹೊರಗೆ ಬಂತು. ಎರಡನೆಯದು ತಡವಾಯಿತು, ಒಂದು ಹನಿಯೂ ಬರಲಿಲ್ಲ. ಒಂದೂವರೆ ನಿಮಿಷಕ್ಕೆ ಕೈ ಕೂತಿತು. ಗಿಣಿ 19 ಗ್ರಾಂ. ನೋಡಲು ಅದೇ ಗಿಣಿ, ಕೈಯಲ್ಲಿ ಹಿಡಿದರೆ ಹಗುರ. ಬಿಚ್ಚುವಾಗ ಗೋಡೆ ತೆಳುವಾಗಿ ಎಂಟರಲ್ಲಿ ಮೂರು ಒಡೆದವು. ತಳದ ತೂತಿಗೆ ಒಂದು ಹನಿ ಪಾಕ ಬಿಟ್ಟು ಮುಚ್ಚಿದೆ. ಮಗಳು ಮುಚ್ಚುವ ಮುಂಚೆ ಒಂದರೊಳಗೆ ನಾಲ್ಕು ಕಾಳು ಎಳ್ಳು ಹಾಕಿದಳು. ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತದೆ. ಅದನ್ನು ಯಾರೂ ತಿಂದಿಲ್ಲ, ಷೋಕೇಸಿನಲ್ಲಿದೆ.

ಎಳ್ಳು ಬೆಲ್ಲದ ಬಗ್ಗೆ ಒಂದು ಮಾತು. ಅದರಲ್ಲಿ ಬೆಲ್ಲವನ್ನು ಕಳೆದ ವರ್ಷದ ಅರ್ಧಕ್ಕೆ ಇಳಿಸಿ, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಜಾಸ್ತಿ ಮಾಡಿದೆ. ಬೆಲ್ಲವನ್ನು ಇನ್ನೂ ಸಣ್ಣಗೆ ಹೆಚ್ಚಿದ್ದರಿಂದ ಪ್ರತಿ ತುತ್ತಿಗೂ ಸಿಕ್ಕಿತು. ಯಾರಿಗೂ ಗೊತ್ತಾಗಲಿಲ್ಲ.

ಹಬ್ಬದ ದಿನ

ಮಕ್ಕಳ ಜೊತೆ ಒಪ್ಪಂದ ಹೀಗಿತ್ತು. ದಿನಕ್ಕೆ ಒಂದು ಅಚ್ಚು, ಯಾವುದು ಅಂತ ಅವರೇ ಆರಿಸಬೇಕು. ಮಧ್ಯಾಹ್ನದ ಊಟ ಆದ ಮೇಲೆ ಕೂತು ತಿಂದು ಮುಗಿಸಬೇಕು, ಬಾಯಿ ಮುಕ್ಕಳಿಸಬೇಕು. ಜೇಬಿಗೆ ಹಾಕುವ ಹಾಗಿಲ್ಲ. ಹಬ್ಬದ ದಿನ ಎರಡು. ಅಚ್ಚೆಲ್ಲ ಸ್ಟೀಲ್ ಡಬ್ಬದಲ್ಲಿ, ಮುಚ್ಚಳದ ಮೇಲೆ ಒಂದು ಚೀಟಿ. ಅದರಲ್ಲಿ ಇಬ್ಬರ ಹೆಸರು, ತಿಂದಾಗ ಒಂದು ಗೆರೆ.

ನಾವು ಬೀರಿದ ಪೊಟ್ಟಣಗಳಲ್ಲಿ ಎರಡೆರಡು ಅವರೆಕಾಳು ಇಟ್ಟಿದ್ದೆವು. ಪಕ್ಕದ ಬೀದಿಯ ಒಬ್ಬರು ಪೊಟ್ಟಣ ಬಿಚ್ಚಿ, "ಏನಮ್ಮ, ಸಕ್ಕರೆ ರೇಟು ಜಾಸ್ತಿ ಆಯ್ತಾ?" ಅಂದರು. ಅತ್ತೆ ಅಲ್ಲೇ ಇದ್ದರು. ನನಗಿಂತ ಮುಂಚೆ ಅವರೇ ಬಾಯಿ ತೆಗೆದರು: "ನನ್ ಸೊಸೆನೇ ಕೆತ್ತಿರೋದು ಕಣವ್ವ. ನಿನ್ ಸೊಸೆ ಕೈಲಿ ಆಯ್ತದಾ?" ಆ ಸಂಜೆ ನನಗೆ ಅದೇ ಎಳ್ಳು, ಅದೇ ಬೆಲ್ಲ.

ಬೇರೆ ಮನೆಗಳಿಂದ ಬಂದ ಅಚ್ಚುಗಳನ್ನು ತಡೆಯಲು ಆಗುವುದಿಲ್ಲ. ತಡೆಯಲೂಬಾರದು. ಈ ಸಲ 27 ಬಂದವು. ಮಕ್ಕಳು ಅದರಲ್ಲಿ ಚಂದದ್ದು ಎರಡೆರಡು ಆರಿಸಿಕೊಂಡರು. ಉಳಿದವನ್ನು ಸಕ್ಕರೆ ಡಬ್ಬಕ್ಕೆ ಹಾಕಿದೆ. ಫೆಬ್ರವರಿ ಪೂರ್ತಿ ದೊಡ್ಡವರ ಕಾಫಿಗೆ ಅದೇ ಸಕ್ಕರೆ. ಲೋಟದಲ್ಲಿ ಕೋಳಿಯ ಬಾಲ ಕರಗುವುದನ್ನು ನೋಡುತ್ತಾ ಕಾಫಿ ಕುಡಿಯುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ಜನವರಿ 19

ಎಣಿಕೆ ತಪ್ಪಿದ್ದು ಎರಡು ಕಡೆ.

ಒಂದು, ಮಗ. ಮಕ್ಕಳು ತೂಕ ನೋಡುವುದಿಲ್ಲ, ಎಷ್ಟು ಅಂತ ಎಣಿಸುತ್ತಾರೆ ಅನ್ನುವುದರ ಮೇಲೆ ಇಡೀ ಕೆಲಸ ನಿಂತಿತ್ತು. ಮಗಳ ವಿಷಯದಲ್ಲಿ ಅದು ನಿಜವಾಯಿತು. ಅವಳಿಗೆ ಒಂದು ಅಂದರೆ ಒಂದು. ಆದರೆ ಮಗ ಡಿಸೆಂಬರ್ ಪೂರ್ತಿ ತಕ್ಕಡಿ ಪಕ್ಕದಲ್ಲೇ ಕೂತಿದ್ದ. ನಾಲ್ಕನೇ ದಿನ ಬಂದು, "ಅಮ್ಮ, ಮೂರು ಅವರೆಕಾಳು ಸೇರಿದ್ರೆ ಒಂದು ಪೊಳ್ಳು ಗಿಣಿ ತಾನೆ? ಅಕ್ಕ ನಿನ್ನೆ ಗಿಣಿ ತಿಂದ್ಲು. ನಂಗೆ ಇವತ್ತು ಮೂರು ಬೇಕು" ಅಂದ. 18 ಮತ್ತು 19. ಲೆಕ್ಕ ಸರಿ ಇತ್ತು. ಕೊಟ್ಟೆ. ಮುಂದಿನ ವರ್ಷ ಎಲ್ಲ ಅಚ್ಚೂ ಒಂದೇ ತೂಕಕ್ಕೆ ಬರಬೇಕು. ಟ್ರಾಕ್ಟರಿನ ಆಳ ಕಡಿಮೆ ಮಾಡಿ ತೂಕವನ್ನು 6 ಗ್ರಾಮಿಗೆ ಇಳಿಸಲು ಹಿಂದಿನ ಸಪಾಟು ಹಲಗೆಗೆ ಒಂದು ಉಬ್ಬು ಬಿಟ್ಟು ಹೊಸದಾಗಿ ಕೆತ್ತಬೇಕು.

ಇನ್ನೊಂದು, ಡಬ್ಬ. ಹಬ್ಬದ ರಾತ್ರಿ ಎಣಿಸಿ ಇಟ್ಟಾಗ 40 ಕಾಳು ಇದ್ದವು. ಚೀಟಿಯ ಗೆರೆ ಪ್ರಕಾರ 33 ಉಳಿಯಬೇಕು. 26 ಇದ್ದವು. ಮಗನನ್ನು ಕೂರಿಸಿ ಕೇಳಿದೆ. ಅವನು ಅತ್ತ. ಮಗಳು ದೇವರ ಆಣೆ ಅಂದಳು. ಇರುವೆ ಹೊತ್ತುಕೊಂಡು ಹೋಗಲು ಅದು ಸಾಸಿವೆ ಅಲ್ಲ.

ಅತ್ತೆ ಬಿಸಿಲಲ್ಲಿ ಕೂತು ಮಣೆಗಳನ್ನು ತಿಕ್ಕುತ್ತಿದ್ದರು. ನೆರಳಲ್ಲಿ ಒಣಗಿಸಿ, ಬೇವಿನ ಸೊಪ್ಪು ಇಟ್ಟು ಕಟ್ಟಬೇಕು, ಬಿಸಿಲಿಗೆ ಹಾಕಿದರೆ ಮತ್ತೆ ಸೀಳುತ್ತದೆ ಅಂತ ಹೇಳಲು ಹತ್ತಿರ ಹೋದೆ. ಅವರ ಒಂದು ಕೆನ್ನೆ ಉಬ್ಬಿತ್ತು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು.

"ಅತ್ತೆ!"

"ಸಣ್ದು ಕಣಮ್ಮ," ಅಂದರು. "ಇದೆಲ್ಲಾದ್ರೂ ಲೆಕ್ಕಕ್ಕೆ ಬತ್ತದಾ?"

ಮುಚ್ಚಳದ ಚೀಟಿಯಲ್ಲಿ ಈಗ ಮೂರು ಹೆಸರಿದೆ. ಮೂರನೆಯದನ್ನು ಬರೆದವನು ಮಗ, ಅದರ ಮುಂದೆ ಏಳು ಗೆರೆ ಎಳೆದು, ಇನ್ನು ಅಜ್ಜಿಗೆ ಮುಗಿಯಿತು ಅಂತ ಒಂದು ಅಡ್ಡಗೆರೆಯನ್ನೂ ಹಾಕಿದ್ದಾನೆ.